85 ಕಂಠಕ್ಕೆ ಮುಖ್ಯ ಮೈಕು ಎರಡೇ: ಕ್ರಿಸ್ಮಸ್ ಲೈವ್ ರೆಕಾರ್ಡಿಂಗ್, ನನ್ನ ಅನುಭವ

ಹದಿನಾಲ್ಕು ಮೈಕು ಹಾಕದಿದ್ದರೆ ಬೇಸ್‌ನವರ (ತಗ್ಗು ದನಿಯ ಗಂಡಸರ) ದನಿ ಸಿಗುವುದೇ ಇಲ್ಲ ಅಂತ ಸೌಂಡ್‌ನವರೆಲ್ಲ ವಾದಿಸಿದ್ದರು. ಮಂಗಳೂರು ಕಡೆಯ ಹಂಚಿನ ಮಾಡಿನ ಚರ್ಚು, ಐದು ಸಾಲಿನಲ್ಲಿ 85 ಮಂದಿಯ ಕಾಯರ್ (ಹಾಡುವ ತಂಡ). ಎರಡು ವರ್ಷ ಅವರು ಹೇಳಿದಂತೆಯೇ ಮಾಡಿದೆ. ಪ್ರತಿ ಮೈಕಿನಲ್ಲೂ ಎದುರಿನ ಮೂರು ಗಂಟಲು ಎದ್ದು ಕೇಳಿಸಿತು. ಅದೇ ದನಿ ಪಕ್ಕದ ಮೈಕಿಗೂ ತಡವಾಗಿ ಬಿದ್ದು ಫೇಸ್ (ದನಿಯಲೆಗಳ ಹೊಂದಿಕೆ) ಕೆಟ್ಟು, ಡಬ್ಬದೊಳಗೆ ಹಾಡಿದ ಹಾಗಾಯಿತು. ಬಾಡಿಗೆಗೇ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು.

ಮೂರನೇ ವರ್ಷ ಒಆರ್‌ಟಿಎಫ್ ಎಂಬ ಸ್ಟೀರಿಯೊ ಜೋಡಿ ಇಟ್ಟೆ: ಎರಡು ಕಾರ್ಡಿಯಾಯ್ಡ್ (ಮುಖ್ಯವಾಗಿ ಎದುರಿನ ದನಿ ಹಿಡಿಯುವ ಮೈಕು), ನಡುವೆ 17 ಸೆಂ.ಮೀ., ಒಂದಕ್ಕೊಂದು 110 ಡಿಗ್ರಿ ಕೋನ. ಜಾಗ ಕಾಯರ್ ಮಾಸ್ಟರ್ ಬೆನ್ನ ಹಿಂದೆ, ಮುಂದಿನ ಸಾಲಿಂದ ಸುಮಾರು ಎರಡೂವರೆ ಮೀಟರ್. ಎತ್ತರದಲ್ಲೇ ಎಲ್ಲ ಇರುವುದು. ತಲೆಮಟ್ಟದಲ್ಲಿಟ್ಟಾಗ ಮುಂದಿನ ಸೊಪ್ರಾನೊಗಳಿಗೂ (ಏರುದನಿಯವರಿಗೂ) ಹಿಂದಿನ ಸಾಲಿಗೂ ಏಳೆಂಟು ಡಿಬಿ (ಡೆಸಿಬೆಲ್, ದನಿಯ ಜೋರಿನ ಅಳತೆ) ಅಂತರ. 3.6 ಮೀಟರಿಗೆ ಏರಿಸಿದ ಮೇಲೆ ಐದರ ಹತ್ತಿರಕ್ಕೆ ಇಳಿಯಿತು. ಮೈಕಿನ ಮೂತಿಯನ್ನು ಹಿಂದಿನ ಸಾಲಿನ ಬಾಯಿಗೆ ಗುರಿಯಿಟ್ಟರೆ ಇನ್ನಷ್ಟು ಸಮವಾಗುತ್ತದೆ. ಸಾಲು ಒಂಬತ್ತು ಮೀಟರ್ ಅಗಲವಿದ್ದದ್ದರಿಂದ ತುದಿಯವರು ಸೊರಗಿದರು. ಅವರಿಗೆಂದು ಎರಡು ಬದಿಗೆ ಒಂದೊಂದು ಮೈಕು, ಮಿಕ್ಸ್‌ನಲ್ಲಿ ಏಳೆಂಟು ಡಿಬಿ ಕೆಳಗೆ. ಅಷ್ಟೇ.

ಹಾಲ್‌ನ ಸ್ಪೀಕರಿಗೆ ಕಾಯರ್ ದನಿ ಕೊಡಲೇಬೇಡಿ, ವಾಚನ ಮತ್ತು ಸೋಲೊ ಮಾತ್ರ ಸಾಕು. ಕೀಬೋರ್ಡ್ ಡಿಐ ಲೈನ್ (ವಾದ್ಯದಿಂದ ನೇರ ತಂತಿಯಲ್ಲಿ ಬರುವ ದನಿ) ಜೋಡಿ ಮೈಕಿನ ದನಿಗಿಂತ ಮೊದಲೇ ತಲುಪುತ್ತದೆ, ಜೋಡಿಗಿರುವ ದೂರದ ಪ್ರತಿ ಮೀಟರಿಗೆ 3 ಮಿಲಿಸೆಕೆಂಡಿನ ಲೆಕ್ಕದಲ್ಲಿ ಹಿಂದಕ್ಕೆ ತಳ್ಳಿ. ಲೆವೆಲ್ ವಿಷಯದಲ್ಲಿ ಒಮ್ಮೆ ಕೆಟ್ಟಿದ್ದೇನೆ: ರಿಹರ್ಸಲ್‌ನಲ್ಲಿ ಪೀಕ್ (ಅತಿ ಜೋರಿನ ಮಟ್ಟ) ಮಿತಿಗಿಂತ 6 ಡಿಬಿ ಕೆಳಗೆ, ಅಂದರೆ ಮೈನಸ್ 6ಕ್ಕೆ ಬಿಟ್ಟಿದ್ದೆ, ಜನ ತುಂಬಿದ ರಾತ್ರಿ ಹುರುಪಿಗೆ ದನಿಯೇರಿ, ಕೊನೆಯ ಸ್ವರ ಆರುವ ಮೊದಲೇ ಚಪ್ಪಾಳೆ ಬಿದ್ದು ಕ್ಲಿಪ್ ಆಯಿತು (ಮಿತಿ ಮೀರಿ ದನಿ ಒಡೆಯಿತು). ಈಗ 24 ಬಿಟ್ (ಲೆವೆಲ್ ತಗ್ಗಿಸಿ ಹಿಡಿದರೂ ಗುಣ ಕೆಡದ ರೆಕಾರ್ಡಿಂಗ್), ರಿಹರ್ಸಲ್ ಪೀಕ್ ಮೈನಸ್ 18.

ಗದ್ದಲದ ಮೂಲ ನಾಲ್ಕು. ಫ್ಯಾನಿನ ಸದ್ದು ಅಲೆಯಲೆಯಾಗಿ ಬರುವುದರಿಂದ ನಾಯ್ಸ್ ರಿಡಕ್ಷನ್‌ಗೆ ಬಗ್ಗುವುದಿಲ್ಲ, ಹಾಡಿನ ಹೊತ್ತಿಗೆ ಆರಿಸಬೇಕು. ಗೋದಲಿಯ ಸೀರಿಯಲ್ ಲೈಟಿನ ಅಡಾಪ್ಟರ್ ಕೇಬಲ್ ಪಕ್ಕದಲ್ಲಿದ್ದರೆ ಜುಂಯ್ ಎನ್ನುತ್ತದೆ. ರೆಕಾರ್ಡರನ್ನು ಬ್ಯಾಟರಿಯಲ್ಲೇ ಓಡಿಸಿ, ಜನರೇಟರಿಗೆ ಬದಲಾಯಿಸುವಾಗಿನ ಟಕ್ ಸದ್ದೂ ತಪ್ಪುತ್ತದೆ. ಹ್ಯಾಂಡೆಲ್‌ನ ‘ಹಲ್ಲೆಲೂಯ’ಕ್ಕೆ ಜನ ಎದ್ದು ನಿಲ್ಲುವ ರೂಢಿ, ಬೆಂಚುಗಳ ಕಿರುಗುಟ್ಟು ಸರಿಯಾಗಿ ಮೊದಲ ಪದದ ಮೇಲೆ ಬೀಳುತ್ತದೆ. ಕಾಯರ್ ಮಾಸ್ಟರ್ ಕೈ ಎತ್ತುವ ಮೊದಲೇ ಎಲ್ಲರನ್ನೂ ಎಬ್ಬಿಸಲು ಒಪ್ಪಿಸಿದೆ.

ಬಾಲ್ಕನಿಯಲ್ಲೊಂದು ಆಮ್ನಿ (ಎಲ್ಲ ದಿಕ್ಕಿನ ದನಿ ಹಿಡಿಯುವ ಮೈಕು) ಇಟ್ಟೂ ನೋಡಿದೆ: ದನಿಗಿಂತ ಕೆಮ್ಮೇ ಜಾಸ್ತಿ, ಬಿಟ್ಟೆ. ಹಿಂದಿನ ದಿನದ ರಿಹರ್ಸಲನ್ನು ಅದೇ ಮೈಕು, ಅದೇ ಜಾಗದಲ್ಲಿ ಹಿಡಿದಿಟ್ಟದ್ದು ಮಾತ್ರ ಕೈ ಹಿಡಿಯಿತು, ಕೆಮ್ಮು ಬಿದ್ದ ಕಡೆ ತೇಪೆಗೆ. ಖಾಲಿ ಚರ್ಚಿನಲ್ಲಿ ಗುಂಯ್‌ಗಾರ ಹೆಚ್ಚು, ಹಾಗಾಗಿ ಹಾಡಿನ ಸಾಲಿನ ಕೊನೆಯಲ್ಲಿ ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಜೋರಾದ ಭಾಗದ ನಡುವೆ, ‘ಸ’ ಅಥವಾ ‘ಕ’ ಉಚ್ಚರಿಸುವಲ್ಲಿ ಕತ್ತರಿಸಿ.