ಅಪಘಾತ ಕಂಡವರ ಮಾತನ್ನು ಪರಿಹಾರದ ನ್ಯಾಯಮಂಡಳಿಗೆ ತಲುಪಿಸುವುದು ಹೇಗೆ?

ಪುಣೆಯ ಕನ್ನಡಿಗರಿಗೆ ಬೆಂಗಳೂರು ಹೆದ್ದಾರಿಯೆಂದರೆ ಊರಿನ ದಾರಿ. ಊರಿನಿಂದ ಮರಳುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿದರೆ ನವಲೆ ಸೇತುವೆಯವರೆಗೂ ಇಳಿಜಾರು. 2022ರ ನವೆಂಬರಿನಲ್ಲಿ ಇಲ್ಲಿ ನಡೆದ ಸರಣಿ ಅಪಘಾತದಲ್ಲಿ ಹತ್ತಾರು ವಾಹನಗಳು ಜಖಂಗೊಂಡವು. ಅಂಥ ಅಪಘಾತಕ್ಕೆ ನೂರು ಕಣ್ಣುಗಳಿರುತ್ತವೆ. ಅದೇ ಸೇತುವೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಸುಕಿನ ಐದೂವರೆಗೆ ಒಂದು ಕಾರು ಒಂದು ಸ್ಕೂಟರಿಗೆ ಗುದ್ದಿದರೆ ಕಂಡವರು ಇಬ್ಬರೋ ಮೂವರೋ. ಅವರೂ ಹತ್ತು ನಿಮಿಷದಲ್ಲಿ ತಮ್ಮ ಕೆಲಸಕ್ಕೆ ಹೊರಟುಹೋಗುತ್ತಾರೆ.

ಹಾಗೆ ಗಾಯಗೊಂಡವರು ನಮ್ಮ ಪಕ್ಕದ ಕಟ್ಟಡದಲ್ಲಿದ್ದ, ಬೈಂದೂರು ಕಡೆಯ ಒಬ್ಬ ಅಡುಗೆಭಟ್ಟರು. ಹೋಟೆಲಿಗೆ ಹೊರಟಿದ್ದವರ ಬಲ ಮಣಿಕಟ್ಟು ಮುರಿಯಿತು. ಕಾರಿನವರು ‘ಸ್ಕೂಟರೇ ಅಡ್ಡ ಬಂತು’ ಎಂದರು. ಭಟ್ಟರ ಪರವಾಗಿ ನಿಂತ ಸಾಕ್ಷಿ, ಇಂಡಿ ತಾಲ್ಲೂಕಿನಿಂದ ಬಂದು ಆ ರಸ್ತೆಯ ಅಂಚಿನಲ್ಲಿ ಚಹಾ ಅಂಗಡಿ ಇಟ್ಟಿದ್ದವರು. ಅವರಿಗೆ ಮರಾಠಿ ವ್ಯಾಪಾರಕ್ಕೆ ಸಾಲುವಷ್ಟು ಬರುತ್ತಿತ್ತು, ಕೋರ್ಟಿಗೆ ಸಾಲುವಷ್ಟಲ್ಲ. ಭಾಷೆಗಾಗಿ ಅವರ ಜೊತೆ ಅಪಘಾತದ ಪರಿಹಾರವನ್ನು ತೀರ್ಮಾನಿಸುವ ನ್ಯಾಯಮಂಡಳಿಗೆ, ಎಂದರೆ ಶಿವಾಜಿನಗರದ ಕೋರ್ಟಿಗೆ, ಓಡಾಡಿದಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಗಂಟೆ

ಮೊದಲು 108ಕ್ಕೋ 112ಕ್ಕೋ ಕರೆ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಕಳಿಸಿ. ಅದಾದ ಮೇಲೆ ಗಾಯಾಳುವಿನ ಕಡೆಯವರು ಯಾರಾದರೂ ಒಬ್ಬರು ಸ್ಥಳದಲ್ಲೇ ಉಳಿಯಬೇಕು. ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ, ಅದು ಸಹಜ. ಆದರೆ ಕಂಡವರ ಹೆಸರು, ಮೊಬೈಲ್ ಸಂಖ್ಯೆ ಎಲ್ಲರದೂ ಸಿಗುವುದು ಆ ಒಂದು ಗಂಟೆಯಲ್ಲಿ ಮಾತ್ರ. ಹಾಲಿನವರು, ಪೇಪರ್ ಹಾಕುವವರು, ರಿಕ್ಷಾ ನಿಲ್ದಾಣದವರು, ಕಟ್ಟಡದ ಕಾವಲುಗಾರರು ಮರುದಿನವೂ ಅದೇ ಹೊತ್ತಿಗೆ ಅಲ್ಲೇ ಸಿಗುತ್ತಾರೆ. ಮೊದಲ ದಿನ ತಪ್ಪಿದರೆ ಮರುದಿನ ಅದೇ ಹೊತ್ತಿಗೆ ಹೋಗಿ ನಿಲ್ಲಿ. ದಾರಿಹೋಕ ಲಾರಿ ಚಾಲಕ ಮತ್ತೆ ಸಿಗುವುದಿಲ್ಲ. ಅವರ ಸಂಖ್ಯೆಯನ್ನು ಮೊದಲು ಪಡೆಯಿರಿ.

ಗುದ್ದಿದ ಗಾಡಿ ನಿಲ್ಲಿಸದೆ ಹೋಗಿದ್ದರೆ, ನಂಬರು ಕಂಡ ಒಬ್ಬ ಸಾಕ್ಷಿಯ ಮೇಲೆ ಇಡೀ ಅರ್ಜಿ ನಿಲ್ಲುತ್ತದೆ. ಗಾಡಿ ಯಾವುದೆಂದು ಪತ್ತೆಯಾಗದ ಪ್ರಕರಣದಲ್ಲಿ ಸರ್ಕಾರದ ಯೋಜನೆಯಿಂದ ಸಿಗುವುದು ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ. ಗಾಡಿ ಗೊತ್ತಾದರೆ ಅದರ ವಿಮಾ ಕಂಪನಿಯಿಂದ ಚಿಕಿತ್ಸೆಯ ಖರ್ಚು, ನಿಂತುಹೋದ ದುಡಿಮೆ, ಮುಂದಿನ ನಷ್ಟ ಎಲ್ಲವನ್ನೂ ಕೇಳಬಹುದು.

ಸುತ್ತಲಿನ ಅಂಗಡಿಗಳ ಸಿಸಿಟಿವಿಯನ್ನೂ ಅಂದೇ ವಿಚಾರಿಸಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆಯಲ್ಪಟ್ಟು ಕೆಲವೇ ದಿನಗಳಲ್ಲಿ ಅಳಿದುಹೋಗುತ್ತದೆ.

‘ನಮಗೇಕೆ ಪೊಲೀಸರ ಸಹವಾಸ’ ಎನ್ನುವವರಿಗೆ

ಊರು ಬಿಟ್ಟು ಬಂದ ನಮ್ಮವರಲ್ಲಿ ಈ ಹೆದರಿಕೆ ಹೆಚ್ಚು. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳುವುದಿಲ್ಲ. ಆದರೆ ಕಾನೂನು ಈಗ ನೆರವಾದವರ ಪಕ್ಕದಲ್ಲಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಇವರ ರಕ್ಷಣೆಯ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿತು. 2020ರಲ್ಲಿ ನಿಯಮಗಳು ಬಂದವು. ಗಾಯಾಳುವಿಗೆ ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ತಾವಾಗಿ ಸಾಕ್ಷಿಯಾಗಲು ಒಪ್ಪಿದರೆ, ಅವರ ಮನೆಗೋ ಕೆಲಸದ ಜಾಗಕ್ಕೋ ಅಧಿಕಾರಿಯೇ ಸಾದಾ ಉಡುಪಿನಲ್ಲಿ ಬರಬೇಕು. ಹೇಳಿಕೆಯನ್ನು ಒಂದೇ ಸಲಕ್ಕೆ ಪೂರ್ತಿ ಪಡೆಯಬೇಕು. ಸ್ಥಳೀಯ ಭಾಷೆ ಬಾರದಿದ್ದರೆ ದುಭಾಷಿಯನ್ನು ಒದಗಿಸುವುದು ತನಿಖಾಧಿಕಾರಿಯ ಹೊಣೆ. ಸಾಕ್ಷಿಯನ್ನು ಒಪ್ಪಿಸಲು ಹೋದಾಗ ಬೇಡಿಕೊಳ್ಳಬೇಡಿ, ಈ ನಿಯಮಗಳನ್ನೇ ತಿಳಿಸಿ ಹೇಳಿ.

ಹೇಳಿಕೆ ಬರೆಸುವಾಗ

ನಮ್ಮ ಪ್ರಕರಣ ಮುಗ್ಗರಿಸಿದ್ದು ಇಲ್ಲೇ. ಠಾಣೆಯ ಕಾಗದದಲ್ಲಿ ಚಹಾದವರ ಬಾಯಲ್ಲಿ ‘ಭರಧಾವ ವೇಗಾನೆ ಯೇಊನ್ ಧಡಕ್ ದಿಲಿ’ ಎಂಬ ಮಾತು ಕೂತಿತ್ತು. ಮಿತಿಮೀರಿದ ವೇಗದಲ್ಲಿ ಬಂದು ಗುದ್ದಿತು ಎಂದು ಅದರ ಅರ್ಥ. ಮಹಾರಾಷ್ಟ್ರದ ಅಪಘಾತದ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯ ಅದು. ಚಹಾದವರು ಹಾಗೆ ಹೇಳಿಯೇ ಇರಲಿಲ್ಲ. ಅವರು ಕಾರು ಗುದ್ದಿದ್ದನ್ನು ನೋಡಿರಲಿಲ್ಲ. ಸದ್ದು ಕೇಳಿ ತಿರುಗಿದ್ದರು.

ಆದ್ದರಿಂದ ಸಾಕ್ಷಿಗೆ ಮೂರು ಸಂಗತಿ ಹೇಳಿಕೊಡಿ. ಹೇಳಿಕೆಯನ್ನು ಓದಿಸಿ ಕೇಳಬೇಕು, ಅರ್ಥವಾಗದಿದ್ದರೆ ಕನ್ನಡದಲ್ಲಿ ವಿವರಿಸಬಲ್ಲವರನ್ನು ಕರೆಸಿಕೊಳ್ಳಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ, ಆಮೇಲೆ ಜನ ಹೇಳಿದ್ದು ಬೇರೆ ಎಂದು ಬರೆಸಬೇಕು. ವೇಗದ ಅಂದಾಜಿಗಿಂತ ತಾವು ಎಲ್ಲಿ ನಿಂತಿದ್ದರು, ಬೆಳಕು ಹೇಗಿತ್ತು, ಗಾಡಿಗಳು ಯಾವ ದಿಕ್ಕಿಗಿದ್ದವು ಎಂಬುದನ್ನು ಹೇಳಬೇಕು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಸಹಿ ಕೇಳಲಿಲ್ಲವೆಂದು ಗಾಬರಿಯಾಗಬೇಡಿ, ಆದರೆ ಸಹಿಯಿಲ್ಲವೆಂದು ಉದಾಸೀನವನ್ನೂ ಮಾಡಬೇಡಿ. ಆ ಕಾಗದವೇ ಮುಂದೆ ಪಾಟೀಸವಾಲಿನಲ್ಲಿ, ಎಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳಲ್ಲಿ, ಎದುರಿಗೆ ಬರುತ್ತದೆ.

ಇದರ ಜೊತೆಗೆ, ಸಾಕ್ಷಿ ಒಪ್ಪಿದರೆ, ಅದೇ ವಾರ ಒಂದು ಹಾಳೆಯಲ್ಲಿ ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆಸಿ ದಿನಾಂಕ ಹಾಕಿಸಿಡಿ. ಪ್ರಕರಣ ವಿಚಾರಣೆಗೆ ಬರುವುದು ವರ್ಷಗಳ ಮೇಲೆ, ಅಷ್ಟರಲ್ಲಿ ನೆನಪು ಮಾಸುತ್ತದೆ. ಮತ್ತೆ ನೆನಪಿಸಿಕೊಳ್ಳಲು ಆ ಹಾಳೆ ಬೇಕು.

ಅರ್ಜಿ

ಮೋಟಾರು ವಾಹನ ಕಾಯ್ದೆಯ ಕಲಂ 166ರ ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಸಲ್ಲಿಸಬೇಕು ಎಂದು 2022ರ ಏಪ್ರಿಲ್ 1ರಿಂದ ಕಾಯ್ದೆ ಹೇಳುತ್ತದೆ. ಸಾಕ್ಷಿ ಸಿಗಲೆಂದು ಕಾಯುತ್ತ ಕೂರಬೇಡಿ. ಅಪಘಾತವಾದ ಜಾಗದ ನ್ಯಾಯಮಂಡಳಿಯಲ್ಲೇ ಸಲ್ಲಿಸಬೇಕೆಂದಿಲ್ಲ. ಗಾಯಾಳು ವಾಸವಿರುವ ಅಥವಾ ವ್ಯವಹಾರ ನಡೆಸುವ ಊರಿನಲ್ಲೂ ಸಲ್ಲಿಸಬಹುದು. ಸಾತಾರಾದ ಬಳಿ ಅಪಘಾತವಾದ ಪುಣೆಯವರು ಪುಣೆಯಲ್ಲೇ ಅರ್ಜಿ ಹಾಕಬಹುದು.

ಇಲ್ಲಿ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕಿಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂಬುದಷ್ಟೇ ಪ್ರಶ್ನೆ. 2019ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಪೊಲೀಸರ ಸಾಕ್ಷಿಪಟ್ಟಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಪ್ರತ್ಯಕ್ಷದರ್ಶಿಯ ಮಾತನ್ನು ತಳ್ಳಿಹಾಕುವುದನ್ನು ಒಪ್ಪಲಿಲ್ಲ. ಎಂದರೆ, ಠಾಣೆಯ ಕಾಗದದಲ್ಲಿ ಬಿಟ್ಟುಹೋದ ಹಾಲಿನವರನ್ನು ನೀವೇ ಕರೆತರಬಹುದು.

ಸಾಕ್ಷಿಕಟ್ಟೆಯಲ್ಲಿ

ಮುಖ್ಯ ವಿಚಾರಣೆ, ಎಂದರೆ ಸಾಕ್ಷಿ ಮೊದಲು ಹೇಳುವ ಮಾತು, ಸಾಮಾನ್ಯವಾಗಿ ಅಫಿಡವಿಟ್ (ಪ್ರಮಾಣ ಮಾಡಿ ಸಹಿ ಹಾಕಿದ ಲಿಖಿತ ಹೇಳಿಕೆ) ರೂಪದಲ್ಲಿರುತ್ತದೆ. ಅದನ್ನು ವಕೀಲರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ತಯಾರಿಸುತ್ತಾರೆ. ಸಾಕ್ಷಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿದ ಮೇಲೆಯೇ ಸಹಿ ಹಾಕಿಸಿ, ದುಭಾಷಿ ಬೇಕೆಂದು ವಕೀಲರಿಂದ ಮೊದಲೇ ಹೇಳಿಸಿಡಿ. ಆಮೇಲೆ ವಿಮಾ ಕಂಪನಿಯ ವಕೀಲರ ಪಾಟೀಸವಾಲು. ಗಾಯಾಳುವಿನ ತಪ್ಪೂ ಇತ್ತೆಂದು ತೋರಿಸುವುದು ಅವರ ಗುರಿ. ತಪ್ಪಿನಲ್ಲಿ ನೂರಕ್ಕೆ 30 ಪಾಲು ಸ್ಕೂಟರಿನದು ಎಂದಾದರೆ 10 ಲಕ್ಷದ ಪರಿಹಾರ 7 ಲಕ್ಷಕ್ಕೆ ಇಳಿಯುತ್ತದೆ.

ಚಹಾದವರನ್ನು ಅವರು ಕೇಳಿದ ಮೊದಲ ಪ್ರಶ್ನೆಯೇ ಕಾರಿನ ವೇಗದ ಬಗ್ಗೆ. ಚಹಾದವರು ಕಟ್ಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ವೇಗ ನನಗೆ ಗೊತ್ತಿಲ್ಲ ಸಾಹೇಬರೇ. ಬಡಿದದ್ದನ್ನು ನಾನು ನೋಡಲಿಲ್ಲ, ಚಹಾ ಸೋಸುತ್ತಿದ್ದೆ’ ಎಂದರು. ನಮ್ಮ ವಕೀಲರ ಮುಖ ಬಾಡಿತು. ಆದರೆ ಚಹಾದವರು ನಿಲ್ಲಿಸಲಿಲ್ಲ. ‘ಪಾತ್ರೆ ಎತ್ತಿಕೊಳ್ಳುವ ಮೊದಲು ಸ್ಕೂಟರ್ ನೋಡಿದ್ದೆ. ರಸ್ತೆಯ ನಡುವೆ ನಿಂತೇ ಇತ್ತು, ಬಲಗಡೆಯ ದೀಪ ಮಿಣುಕುತ್ತಿತ್ತು. ಸದ್ದಾಗಿ ತಿರುಗಿದರೆ ಹತ್ತು ಹೆಜ್ಜೆ ಮುಂದೆ ಬಿದ್ದಿತ್ತು, ಕಾರು ಅದರ ಹಿಂದೆ ಇತ್ತು.’ ನಿಂತ ಗಾಡಿ ಅಡ್ಡ ಬರಲಾರದು. ವೇಗ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದರಿಂದಲೇ ದೀಪದ ಮಾತಿಗೆ ತೂಕ ಬಂತು. ಸಾಕ್ಷಿಗೆ ಪಾಠ ಹೇಳಿಸುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ಕಲಿಸಿದ ಮಾತು ಎರಡನೇ ಪ್ರಶ್ನೆಗೆ ಜಾರುತ್ತದೆ.

ಕಂಡವರಲ್ಲದ ಸಾಕ್ಷಿಗಳು

ತಪ್ಪು ಯಾರದೆಂದು ಗೊತ್ತಾದ ಮೇಲೂ ಎಷ್ಟು ಹಣ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ವೈದ್ಯರು ಮತ್ತು ಕೆಲಸ ಕೊಟ್ಟವರು ಬೇಕು. ಶಾಶ್ವತ ಅಂಗವೈಕಲ್ಯದ ಪ್ರಮಾಣಪತ್ರ ತಂದುಕೊಟ್ಟರೆ ಸಾಲದು, ಚಿಕಿತ್ಸೆ ನೀಡಿದ ಅಥವಾ ತಪಾಸಣೆ ಮಾಡಿದ ವೈದ್ಯರ ಸಾಕ್ಷ್ಯ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಅದೇ ತೀರ್ಪಿನ ಉದಾಹರಣೆ ಇದು: ಎಡಗೈ ಕಳೆದುಕೊಂಡವರು ಚಾಲಕರೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು, ಸರ್ಕಾರಿ ಗುಮಾಸ್ತರಾಗಿದ್ದರೆ ಕೆಲಸ ಹೋಗದೆಯೂ ಇರಬಹುದು. ಗಾಯದ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ.

ಹೋಟೆಲು ಕೆಲಸದವರಲ್ಲಿ ಅನೇಕರ ಸಂಬಳ ನಗದು, ಚೀಟಿ ಇರುವುದಿಲ್ಲ. ಮಾಲೀಕರು ಬಂದು ಹೇಳದಿದ್ದರೆ ಆದಾಯವನ್ನು ನ್ಯಾಯಮಂಡಳಿಯೇ ಅಂದಾಜು ಮಾಡುತ್ತದೆ, ಅದು ನಿಜವಾದ ಸಂಬಳಕ್ಕಿಂತ ಕಡಿಮೆಯಾಗಬಹುದು. ಭಟ್ಟರ ಮಾಲೀಕರು ವ್ಯಾಪಾರದ ಹೊತ್ತು ಬಿಟ್ಟು, ಸಂಬಳ ಬರೆದಿಡುವ ಎಣ್ಣೆಕಲೆಯ ಉದ್ದನೆಯ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದರು. ತಿಂಗಳು ತಿಂಗಳು ಭಟ್ಟರ ಸಹಿ ಅದರಲ್ಲಿತ್ತು. ಅಪಘಾತದ ನಂತರದ ಸಹಿಗಳು ಎಡಗೈಯವು.