ಶಾಲೆಯ ಮೀಟಿಂಗಿಗೆ ಒಬ್ಬರೇ ಹೋಗಬೇಡಿ: ನ್ಯೂಯಾರ್ಕಿನಲ್ಲಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ನಮ್ಮ ಮನೆಗಳಲ್ಲಿ ಮಗು ಮಂಕಾದರೆ ಮೊದಲ ಫೋನು ಊರಿಗೇ ಹೋಗುತ್ತದೆ. ಆ ಕಡೆಯಿಂದ ಬರುವ ಮಾತೂ ಗೊತ್ತಿದ್ದದ್ದೇ. "ಕೂಸಿಗೆ ದೃಷ್ಟಿ ಆಗೈತಿ, ಹುಲಿಗೆಮ್ಮಗ ಹರಕಿ ಹೊತ್ಕೋ." "ಸೂಟಿಗೆ ಕರ್ಕೊಂಡು ಬಾ, ಇಲ್ಲಿ ನಾಕು ಮಂದ್ಯಾಗ ಇದ್ರ ಸರಿ ಹೋಗ್ತದ." ಹರಕೆ ಹೊರುವುದು ತಪ್ಪಲ್ಲ, ಊರಿಗೆ ಹೋಗುವುದೂ ಒಳ್ಳೆಯದೇ. ಆದರೆ ಹದಿಮೂರು ವರ್ಷದ ಮಗ ಶಾಲೆಗೆ ಹೋಗಲ್ಲ ಅಂತ ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ, ಸ್ಕೂಲ್ ಕೌನ್ಸೆಲರ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ, ಬರುವ ವಾರ ಮೀಟಿಂಗ್ ಇದೆ ಎನ್ನುವಾಗ ನಿಮ್ಮ ಪಕ್ಕದಲ್ಲಿ ಬಂದು ಕೂರುವ ಒಬ್ಬರು ಬೇಕು. ಅಂಥವರು ಇಲ್ಲಿ ಇದ್ದಾರೆ. ನಮ್ಮವರಲ್ಲಿ ಬಹಳ ಜನಕ್ಕೆ ಅದು ಗೊತ್ತಿಲ್ಲ.

ನ್ಯೂಯಾರ್ಕ್ ರಾಜ್ಯದಲ್ಲಿ ಅವರಿಗೆ ಫ್ಯಾಮಿಲಿ ಪಿಯರ್ ಅಡ್ವೊಕೇಟ್ ಎನ್ನುತ್ತಾರೆ. ಅವರು ಡಾಕ್ಟರಲ್ಲ, ಥೆರಪಿಸ್ಟ್ ಅಲ್ಲ, ವಕೀಲರೂ ಅಲ್ಲ. ತಮ್ಮದೇ ಮಗುವಿಗೆ ಮಾನಸಿಕ ತೊಂದರೆ ಬಂದು ಶಾಲೆ, ಕ್ಲಿನಿಕ್ಕು, ಇನ್ಶೂರೆನ್ಸು ಅಂತ ಅಲೆದ ಅಪ್ಪ ಅಥವಾ ಅಮ್ಮ. ಮೊಮ್ಮಗುವನ್ನು ಸಾಕಿದ ಅಜ್ಜಿಯೂ ಆಗಬಹುದು. ಆ ಅನುಭವದ ಮೇಲೆ ತರಬೇತಿ ಪಡೆದು, ಸಂಬಳಕ್ಕೆ ಈ ಕೆಲಸ ಮಾಡುತ್ತಾರೆ. ಮಗುವಿಗೆ ಚಿಕಿತ್ಸೆ ಕೊಡುವವರು ಬೇರೆ ಇರುತ್ತಾರೆ, ಇವರು ಇರುವುದು ನಿಮಗಾಗಿ. ಫೋನಿನಲ್ಲಿ ಮಾತಾಡುತ್ತಾರೆ, ಮನೆಗೆ ಬರುತ್ತಾರೆ, ಅರ್ಜಿ ತುಂಬಲು ಕೂರುತ್ತಾರೆ, ಮೀಟಿಂಗಿಗೆ ಜೊತೆಗೆ ಬರುತ್ತಾರೆ.

ಇದೇನು ಅಮೆರಿಕದವರ ಹೊಸ ಕಲ್ಪನೆ ಅಂದುಕೊಳ್ಳಬೇಡಿ. ಮನಸ್ಸಿನ ಕಾಯಿಲೆಯನ್ನು ದೊಡ್ಡಾಸ್ಪತ್ರೆಯ ತಜ್ಞರೇ ನೋಡಬೇಕಿಲ್ಲ, ಊರಲ್ಲಿ ಇರುವವರಿಗೇ ಕಲಿಸಬಹುದು ಎಂದು ನಮ್ಮ ದೇಶದಲ್ಲಿ ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿಯಲ್ಲಿ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್‌ನವರು ಆಗಿನ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದೇ 'ಬಳ್ಳಾರಿ ಮಾದರಿ'ಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರು, ಇಲ್ಲಿ ಅಪ್ಪ-ಅಮ್ಮಂದಿರಿಗೆ ಕಲಿಸುತ್ತಿದ್ದಾರೆ. ಊರಲ್ಲಿರುವ ಹಿರಿಯರಿಗೆ ಈ ವ್ಯವಸ್ಥೆಯನ್ನು ಹೇಳಬೇಕಾದಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಅವರು ಕಿವಿಗೊಟ್ಟು ಕೇಳುತ್ತಾರೆ.

ಈಗ ಇವರನ್ನು ಪಡೆಯುವ ದಾರಿ. ನ್ಯೂಯಾರ್ಕಿನಲ್ಲಿ 2019ರ ಜುಲೈಯಿಂದ ಇದು ಮಕ್ಕಳ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಸೇವೆಗಳಲ್ಲಿ ಒಂದು. ಮಗುವಿಗೆ ಮೆಡಿಕೇಡ್ ಇದ್ದರೆ ಡಾಕ್ಟರ್ ಅಥವಾ ಥೆರಪಿಸ್ಟ್ ಶಿಫಾರಸಿನ ಮೇಲೆ ಸಿಗುತ್ತದೆ. ನಮ್ಮವರಲ್ಲಿ ಜಾಸ್ತಿ ಜನರಿಗೆ ಇರುವುದು ಕಂಪನಿಯ ಇನ್ಶೂರೆನ್ಸು. ಅದು ಸಾಮಾನ್ಯವಾಗಿ ಈ ಸೇವೆಗೆ ಹಣ ಕೊಡುವುದಿಲ್ಲ. ಹಾಗಂತ ಬಿಡಬೇಡಿ, ರಾಜ್ಯದ ಹಣದಲ್ಲಿ ನಡೆಯುವ ಫ್ಯಾಮಿಲಿ ಸಪೋರ್ಟ್ ಕಾರ್ಯಕ್ರಮಗಳೂ ಇವೆ. ನಿಮ್ಮ ಕೌಂಟಿಯ ಮಾನಸಿಕ ಆರೋಗ್ಯ ಕಚೇರಿಗೆ ಫೋನ್ ಮಾಡಿ 'ಚಿಲ್ಡ್ರನ್ಸ್ ಸಿಂಗಲ್ ಪಾಯಿಂಟ್ ಆಫ್ ಆಕ್ಸೆಸ್' (ಮಕ್ಕಳ ಮಾನಸಿಕ ಆರೋಗ್ಯ ಸೇವೆಗಳಿಗೆ ದಾರಿ ಮಾಡಿಕೊಡುವ ವಿಭಾಗ) ಬೇಕು ಎಂದು ಕೇಳಿ. 'ಫ್ಯಾಮಿಲಿ ಪಿಯರ್ ಅಡ್ವೊಕೇಟ್ ಬೇಕು' ಎಂದು ಹೆಸರು ಹಿಡಿದೇ ಹೇಳಿ. ಸುಮ್ನೆ 'ಏನಾದರೂ ಸಹಾಯ ಇದೆಯಾ' ಅಂದರೆ ಕೈಗೆ ಒಂದು ಕರಪತ್ರ ಬಂದೀತು, ಅಷ್ಟೇ.

ಶಾಲೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಸೋಲುವುದು ಅಲ್ಲೇ.

ಮೀಟಿಂಗ್ ರೂಮಿಗೆ ಹೋದರೆ ಮೇಜಿನ ಆ ಕಡೆ ನಾಲ್ಕೈದು ಜನ ಕೂತಿರುತ್ತಾರೆ. ಸ್ಕೂಲ್ ಸೈಕಾಲಜಿಸ್ಟ್, ಕ್ಲಾಸ್ ಟೀಚರ್, ಸ್ಪೆಷಲ್ ಎಜುಕೇಶನ್ ಟೀಚರ್, ಸ್ಕೂಲ್ ಡಿಸ್ಟ್ರಿಕ್ಟ್ ಕಡೆಯವರು. ಎಲ್ಲರ ಮುಂದೆ ಲ್ಯಾಪ್‌ಟಾಪು, ಫೈಲು. ಈ ಕಡೆ ನೀವು ಒಬ್ಬರೇ. ಮೇಷ್ಟ್ರಿಗೆ ಎದುರು ಮಾತಾಡಬಾರದು ಅಂತ ಕಲಿತು ಬೆಳೆದವರು ನಾವು. ಅವರು ಏನೇ ಹೇಳಿದರೂ ತಲೆ ಆಡಿಸುತ್ತೇವೆ, 'ಓಕೆ, ಓಕೆ' ಅನ್ನುತ್ತೇವೆ. ನಮ್ಮ ಲೆಕ್ಕದಲ್ಲಿ ಅದು 'ಕೇಳಿಸಿಕೊಂಡೆ' ಅಂತ. ಅವರು 'ಪೇರೆಂಟ್ ಒಪ್ಪಿದರು' ಎಂದು ಬರೆದುಕೊಳ್ಳುತ್ತಾರೆ. ಅಡ್ವೊಕೇಟ್ ಪಕ್ಕದಲ್ಲಿದ್ದರೆ ಇಲ್ಲೇ ವ್ಯತ್ಯಾಸ ಕಾಣುವುದು. ಆಕೆ ಮೆಲ್ಲಗೆ "ಒಂದು ನಿಮಿಷ, ತಾಯಿಗೆ ಇದರ ಬಗ್ಗೆ ಏನನಿಸುತ್ತದೆ ಕೇಳೋಣ" ಅನ್ನುತ್ತಾರೆ. ರೂಮು ಸುಮ್ಮನಾಗುತ್ತದೆ, ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಆಗ ಏನು ಹೇಳಬೇಕು ಎಂದು ಹಿಂದಿನ ದಿನವೇ ಇಬ್ಬರೂ ಕೂತು ಬರೆದುಕೊಂಡಿರುತ್ತೀರಿ. ನಿಮ್ಮ ಬದಲು ಆಕೆಯೇ ಮಾತಾಡುವುದಿಲ್ಲ. ಒಳ್ಳೆಯ ಅಡ್ವೊಕೇಟ್ ಎಂದರೆ ನಿಮ್ಮ ಬಾಯಿಂದಲೇ ಮಾತು ಬರುವಂತೆ ಮಾಡುವವರು.

ಕಾನೂನು ನಿಮ್ಮ ಪರವಾಗಿದೆ. ವಿಶೇಷ ಶಿಕ್ಷಣದ ಅಮೆರಿಕದ ಕೇಂದ್ರ ಕಾನೂನಿನ ಬೇರು 1975ರದ್ದು. ಅದರ ಪ್ರಕಾರ ಮಗುವಿಗೆ ಐಇಪಿ (ಆ ಮಗುವಿಗೆಂದೇ ಮಾಡುವ ವಿಶೇಷ ಶಿಕ್ಷಣದ ಯೋಜನೆ) ಬರೆಯುವ ತಂಡದಲ್ಲಿ ಅಪ್ಪ-ಅಮ್ಮ ಸದಸ್ಯರು, ಅತಿಥಿಗಳಲ್ಲ. ಮಗುವಿನ ಬಗ್ಗೆ ತಿಳಿದ ಇನ್ನೊಬ್ಬರನ್ನು ಜೊತೆಗೆ ಕರೆತರುವ ಹಕ್ಕು ನಿಮಗಿದೆ. ಭಾಷೆ ತೊಡಕಾದರೆ ಅನುವಾದಕರನ್ನು ಕೊಡುವುದು ಶಾಲೆಯ ಜವಾಬ್ದಾರಿ. ಮೀಟಿಂಗಿಗೆ ಮುಂಚೆಯೇ 'ಕನ್ನಡ ಬೇಕು' ಎಂದು ಬರೆದು ಕೇಳಿ. ಮಗುವನ್ನೇ, ಅಥವಾ ಅದರ ಅಕ್ಕನನ್ನೋ ಅಣ್ಣನನ್ನೋ ಅನುವಾದಕ್ಕೆ ಕೂರಿಸಬೇಡಿ. ತನ್ನ ಕಷ್ಟವನ್ನು ತಾನೇ ಅಮ್ಮನಿಗೆ ತರ್ಜುಮೆ ಮಾಡಿ ಹೇಳುವ ಮಗುವಿನ ಮುಖ ನೋಡಲಾಗುವುದಿಲ್ಲ.

ಬಾಯಿಮಾತಿನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ. ಒಂದು ಕಾಗದ ಬರೆಯಿರಿ, ತಾರೀಕು ಹಾಕಿ. 'ನನ್ನ ಮಗ ಏಳನೇ ತರಗತಿಯಲ್ಲಿದ್ದಾನೆ. ಮಾರ್ಚಿನಿಂದ ಬೆಳಗ್ಗೆ ಹೊಟ್ಟೆನೋವು ಅಂತ ಅಳುತ್ತಾನೆ, ರಾತ್ರಿ ನಿದ್ದೆ ಮಾಡುವುದಿಲ್ಲ, ಇಷ್ಟು ದಿನ ಶಾಲೆ ತಪ್ಪಿಸಿದ್ದಾನೆ. ವಿಶೇಷ ಶಿಕ್ಷಣಕ್ಕಾಗಿ ಅವನ ಎಲ್ಲ ರೀತಿಯ ಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇನೆ.' ಇಷ್ಟೇ ಸಾಕು, ಇಂಗ್ಲಿಷಿನಲ್ಲಿ. ಇಮೇಲ್ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ. ನೀವು ಒಪ್ಪಿಗೆ ಸಹಿ ಮಾಡಿಕೊಟ್ಟ ಮೇಲೆ ನ್ಯೂಯಾರ್ಕಿನಲ್ಲಿ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು. ಐಇಪಿಗೆ ಮಗು ಅರ್ಹನಲ್ಲ ಅಂದರೂ 1973ರ ಕಾನೂನಿನ ಸೆಕ್ಷನ್ 504 ಇದೆ. ಪರೀಕ್ಷೆಗೆ ಬೇರೆ ಶಾಂತ ರೂಮು, ಗಾಬರಿಯಾದಾಗ ಕ್ಲಾಸಿನಿಂದ ಎದ್ದು ಹೋಗಲು ಅನುಮತಿ, ಇಂಥವು ಅದರಲ್ಲಿ ಸಿಗುತ್ತವೆ. ಮೀಟಿಂಗಿನಲ್ಲಿ ಕೊಟ್ಟ ಕಾಗದಕ್ಕೆ ಅಲ್ಲೇ ಸಹಿ ಹಾಕಬೇಕೆಂದಿಲ್ಲ. 'ಮನೆಗೆ ಒಯ್ದು ಓದುತ್ತೇನೆ' ಅನ್ನಿ.

ಮನೆಯಲ್ಲಿ ಗಂಗಾವತಿಯಿಂದಲೋ ಸಿಂಧನೂರಿಂದಲೋ ಆರು ತಿಂಗಳಿಗೆ ಬಂದ ಅಜ್ಜಿ ಇದ್ದರೆ ಅವರನ್ನೂ ಒಳಗೆ ಸೇರಿಸಿಕೊಳ್ಳಿ. "ನಮ್ ಕಾಲದಾಗ ಇವೆಲ್ಲಾ ಇದ್ದಿಲ್ಲ" ಎಂದೇ ಅವರು ಶುರು ಮಾಡುವುದು. ಅದಕ್ಕೆ ಸಿಟ್ಟಾಗಬೇಡಿ. ನೀವು ಆಫೀಸಿನಲ್ಲಿರುವಾಗ ಮಗುವಿನ ಜೊತೆ ಇರುವವರು ಅವರೇ. "ರಾತ್ರಿ ಮೂರಾದ್ರೂ ಕೂಸು ಮಲಗಿದ್ದಿಲ್ಲವ್ವಾ, ಗ್ವಾಡಿ ನೋಡ್ಕೋತ ಕುಂತಿತ್ತು" ಅನ್ನುವ ಅವರ ಮಾತು ಡಾಕ್ಟರಿಗೆ ಬೇಕಾದ ಮಾತು. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಡಿ. ಅಡ್ವೊಕೇಟ್ ಮನೆಗೆ ಬಂದಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿ, ನೀವು ಅನುವಾದ ಮಾಡಿ.

ಇನ್ನು ನಮ್ಮವರ ಭಯಗಳು. 'ರೆಕಾರ್ಡ್ ಆಗುತ್ತದೆ, ಕಾಲೇಜು ಸೀಟು ಹೋಗುತ್ತದೆ' ಎನ್ನುವುದು ದೊಡ್ಡದು. ಕಾಲೇಜಿಗೆ ಹೋಗುವ ಟ್ರಾನ್ಸ್‌ಕ್ರಿಪ್ಟಿನಲ್ಲಿ ಮಗುವಿಗೆ ಇಂಥ ತೊಂದರೆ ಇದೆ ಎಂದು ಬರೆಯುವಂತಿಲ್ಲ. ಸರ್ಕಾರಿ ಶಾಲೆಯ ವಿಶೇಷ ಶಿಕ್ಷಣಕ್ಕೂ ನಿಮ್ಮ ವೀಸಾಕ್ಕೂ ಸಂಬಂಧವಿಲ್ಲ. ಮೆಡಿಕೇಡ್ ಮಾತ್ರ ಬೇರೆ ವಿಷಯ, ಗ್ರೀನ್ ಕಾರ್ಡ್ ಸಾಲಿನಲ್ಲಿದ್ದರೆ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಇನ್ನೊಂದನ್ನು ನೇರವಾಗಿ ಹೇಳುತ್ತೇನೆ. ಬುದ್ಧಿ ಬರಲಿ ಅಂತ ಮಗುವಿಗೆ ಹೊಡೆಯುವುದನ್ನು ನಿಲ್ಲಿಸಿ. ದೌರ್ಜನ್ಯದ ಅನುಮಾನ ಬಂದರೆ ಟೀಚರು, ಡಾಕ್ಟರು ಕಾನೂನಿನ ಪ್ರಕಾರ ವರದಿ ಮಾಡಲೇಬೇಕು. ಕಾನೂನು ಹಾಗಿರಲಿ, ಮೊದಲೇ ನೊಂದ ಮಗುವಿಗೆ ಏಟಿನಿಂದ ಏನೂ ಆಗುವುದಿಲ್ಲ. ನಿಮ್ಮ ಕೈ ಏಳುವ ಹೊತ್ತಿಗೆ ಏನು ಮಾಡಬೇಕು ಅನ್ನುವುದನ್ನೂ ಅಡ್ವೊಕೇಟ್ ಹತ್ತಿರ ಮಾತಾಡಬಹುದು. ಅವರೂ ಆ ಹೊತ್ತನ್ನು ದಾಟಿ ಬಂದವರೇ.

ಮಗು 'ಸಾಯಬೇಕು ಅನಿಸುತ್ತದೆ' ಎಂದರೆ ಮಾತ್ರ ಯಾವ ಮೀಟಿಂಗನ್ನೂ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳನ್ನೆಲ್ಲ ಬೀಗ ಹಾಕಿ ಇಡಿ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ. 2022ರ ಜುಲೈಯಿಂದ ಇರುವ ಈ ನಂಬರು ದಿನವಿಡೀ ಕೆಲಸ ಮಾಡುತ್ತದೆ. ಕರೆಯಲ್ಲೇ ಅನುವಾದಕರನ್ನು ಕೇಳಬಹುದು. ಜೀವಕ್ಕೇ ಅಪಾಯ ಎನಿಸಿದರೆ 911. ಸೂಟಿಗೆ ಊರಿಗೆ ಹೋದಾಗ ಬೇಕಾದರೆ 14416, ಭಾರತದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಗು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊರಲ್ಲಿ ಇರುವಷ್ಟು ದಿನಕ್ಕೂ ಸಾಕಾಗುವಷ್ಟು, ಡಾಕ್ಟರ್ ಚೀಟಿ ಸಮೇತ ಒಯ್ಯಿರಿ. 'ಇಲ್ಲಿ ಆರಾಮ ಅದಾನ' ಅಂತ ಯಾರಾದರೂ ನಿಲ್ಲಿಸಲು ಹೇಳಿದರೆ ಕೇಳಬೇಡಿ.

ನೀವು ಟೆಕ್ಸಾಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿದ್ದರೆ ಹುದ್ದೆಯ ಹೆಸರು ಬದಲಾಗಬಹುದು. ಪೇರೆಂಟ್ ಪಾರ್ಟ್ನರ್, ಫ್ಯಾಮಿಲಿ ಪಾರ್ಟ್ನರ್ ಎಂದೂ ಕರೆಯುತ್ತಾರೆ. ಪ್ರತಿ ರಾಜ್ಯದಲ್ಲೂ ಕೇಂದ್ರದ ಹಣದಲ್ಲಿ ನಡೆಯುವ ಪೇರೆಂಟ್ ಟ್ರೈನಿಂಗ್ ಅಂಡ್ ಇನ್ಫರ್ಮೇಶನ್ ಸೆಂಟರ್ ಇದೆ, ಶಾಲೆಯ ವಿಷಯಕ್ಕೆ ಅಲ್ಲಿಂದ ಶುರು ಮಾಡಿ. ನ್ಯಾಮಿ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯ 'ಬೇಸಿಕ್ಸ್' ಎಂಬ, ಅಪ್ಪ-ಅಮ್ಮಂದಿರಿಗಾಗಿ ಇರುವ ಉಚಿತ ಕೋರ್ಸೂ ಇದೆ. ಆರು ತರಗತಿ, ಕಲಿಸುವವರೂ ಇದನ್ನು ಅನುಭವಿಸಿದ ಅಪ್ಪ-ಅಮ್ಮಂದಿರೇ.

ಕೊನೆಗೆ, ಮಗು ಒಂದು ದಡ ಮುಟ್ಟಿದ ಮೇಲೆ ನೀವೇ ಈ ಕೆಲಸಕ್ಕೆ ಬನ್ನಿ ಎಂದು ಕೇಳುತ್ತೇನೆ. ನ್ಯೂಯಾರ್ಕಿನಲ್ಲಿ ತರಬೇತಿಯ ಹೆಸರು ಪೇರೆಂಟ್ ಎಂಪವರ್‌ಮೆಂಟ್ ಪ್ರೋಗ್ರಾಮ್. ಪ್ರಮಾಣಪತ್ರ ಕೊಡುವುದು ಫ್ಯಾಮಿಲೀಸ್ ಟುಗೆದರ್ ಇನ್ ನ್ಯೂಯಾರ್ಕ್ ಸ್ಟೇಟ್ ಎಂಬ ಸಂಸ್ಥೆ. ದೊಡ್ಡ ಡಿಗ್ರಿ ಬೇಡ, ಮಗುವನ್ನು ಸಾಕಿದ ಅನುಭವ ಬೇಕು. ತರಬೇತಿಯ ಜೊತೆಗೆ 1000 ಗಂಟೆ ಕೆಲಸ ಮಾಡಿದ ಮೇಲೆ ಪೂರ್ತಿ ಪ್ರಮಾಣಪತ್ರ. ಎಲ್ಲಕ್ಕಿಂತ ಕಷ್ಟದ ಪಾಠ ಸುಮ್ಮನೆ ಕೇಳುವುದು. ಎದುರಿನ ತಾಯಿ ಅಳುವಾಗ 'ನಮ್ಮನೇಲೂ ಹೀಗೇ ಆಗಿತ್ತು' ಅಂತ ನಮ್ಮ ಕಥೆ ಬಿಚ್ಚಬೇಕು ಅನಿಸುತ್ತದೆ. ಅದನ್ನು ಯಾವಾಗ, ಎಷ್ಟು ಹೇಳಬೇಕು ಎನ್ನುವುದೇ ಒಂದು ಕಲಿಕೆ.

ಎಚ್-4 ವೀಸಾದಲ್ಲಿರುವ ಅಕ್ಕಂದಿರು ಸಂಬಳದ ಕೆಲಸ ಒಪ್ಪುವ ಮುಂಚೆ ಇಎಡಿ (ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿ) ಕೈಯಲ್ಲಿರಲಿ. ಅಲ್ಲಿಯವರೆಗೆ ಕಲಿಯಲು ಅಡ್ಡಿಯಿಲ್ಲ. ಅರ್ಜಿಯಲ್ಲಿ ಭಾಷೆಯ ಜಾಗ ಬಂದಾಗ ಬರೀ ಇಂಗ್ಲಿಷ್ ಅಂತ ಬರೆದು ಬಿಡಬೇಡಿ. ಬಳ್ಳಾರಿ-ರಾಯಚೂರಿನವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಮನೆಬಾಗಿಲಲ್ಲೇ ಬಂದಿರುತ್ತವೆ. ಮೂರನ್ನೂ ಬರೆಯಿರಿ. ಈ ಮೂರರಲ್ಲಿ ಒಂದರಲ್ಲಾದರೂ ತನ್ನ ಮಗುವಿನ ವಿಷಯ ಹೇಳಿಕೊಳ್ಳಬೇಕು ಅಂತ ಕಾಯುತ್ತಿರುವ ತಾಯಂದಿರು ಇಲ್ಲಿ ತುಂಬ ಇದ್ದಾರೆ.