ಹೊಳೆದಂಡೆಯ ಮನೆ ಬಿಟ್ಟುಕೊಡುವ ಮುಂಚೆ ನೋಡಬೇಕಾದ ಲೆಕ್ಕ

ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರು ಅಂದರೆ ಭೀಮಾ ದಂಡೆಯ ಊರುಗಳಿಗೆ ನಿದ್ದೆ ಇರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ಅಫಜಲಪುರ, ಜೇವರ್ಗಿ, ಚಿತ್ತಾಪುರ, ಆ ಕಡೆ ಶಹಾಪುರ, ವಡಗೇರಾ, ಎಲ್ಲಾ ಕಡೆ ಅದೇ ಗೋಳು. ಮೊದಲು ಕಾಳಜಿ ಕೇಂದ್ರ, ಆಮೇಲೆ ಸರ್ವೆ, ಅದಾದ ಮೇಲೆ ಯಾರೋ ಒಬ್ಬರು ಬಂದು "ಊರನ್ನೇ ಎತ್ತರದ ಜಾಗಕ್ಕೆ ಶಿಫ್ಟ್ ಮಾಡೋಣ, ಸಹಿ ಹಾಕಿ" ಅನ್ನುತ್ತಾರೆ. ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ಸಲ ನೀರು ನುಗ್ಗುವ ಮನೆಗೆ ಪ್ರತಿ ಸಲ ಪರಿಹಾರ ಹಂಚುವ ಬದಲು ಒಂದೇ ಸಲ ಸರಿಯಾದ ಬೆಲೆ ಕೊಟ್ಟು ಕೊಂಡುಕೊಂಡರೆ ಸರ್ಕಾರದ ದುಡ್ಡೂ ಉಳಿಯುತ್ತದೆ, ನಮಗೂ ನೆಮ್ಮದಿ. ಆದರೆ ಆ ಬೆಲೆ ತಾನಾಗಿ ಬರುವುದಿಲ್ಲ, ಕಾಗದ ತೋರಿಸಿ ಕೇಳಬೇಕು.

ಮೊದಲು ಕೇಳಿ: ಇದು ಯಾವ ದುಡ್ಡು? ಇಲ್ಲೇ ಜಾಸ್ತಿ ಜನ ಗೊಂದಲಕ್ಕೆ ಬೀಳುತ್ತಾರೆ. ಮನೆ ಬಿದ್ದಾಗ ಬರುವುದು ಪರಿಹಾರ. ಕೇಂದ್ರದ 2022-26ರ ನಿಯಮದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ ಇದ್ದದ್ದು 1,20,000 ರೂಪಾಯಿ. ರಾಜ್ಯ ತನ್ನ ಕಡೆಯಿಂದ ಸೇರಿಸಿದರೆ ಹೆಚ್ಚಾಗುತ್ತದೆ, 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದ್ದರು. ಇದನ್ನು ತೆಗೆದುಕೊಂಡರೂ ಮನೆ ಜಾಗ ನಿಮ್ಮದೇ. ಎರಡನೆಯದು ಪುನರ್ವಸತಿ, ಅಂದರೆ ಬೇರೆ ಕಡೆ ಸೈಟು, ಮನೆ. 2009ರ ಪ್ರವಾಹದ ನಂತರ ದಾನಿಗಳನ್ನೂ ಸೇರಿಸಿಕೊಂಡು ಕಟ್ಟಿದ 'ಆಸರೆ' ಮನೆಗಳು ಈ ಬಗೆಯವು. ಹೊಲದಿಂದ ದೂರ, ದನ ಕಟ್ಟಲು ಜಾಗ ಇಲ್ಲ ಅಂತ ಎಷ್ಟೋ ಕಡೆ ಜನ ಹೋಗಲೇ ಇಲ್ಲ, ಖಾಲಿ ಬಿದ್ದವು. ಮೂರನೆಯದು ಭೂಸ್ವಾಧೀನ. ಸರ್ಕಾರ ಕಾನೂನು ಪ್ರಕಾರ ಬೆಲೆ ಕಟ್ಟಿ ನಿಮ್ಮ ಜಾಗ, ಮನೆ ಎರಡನ್ನೂ ತೆಗೆದುಕೊಳ್ಳುತ್ತದೆ. ಸಹಿ ಹಾಕಿಸಿಕೊಳ್ಳುವವರು ಸುಮ್ನೆ "ಪರಿಹಾರ" ಅಂದುಬಿಡುತ್ತಾರೆ. ಇವುಗಳಲ್ಲಿ ಯಾವುದು ಅಂತ ಬರಹದಲ್ಲಿ ಕೇಳಿ.

ಏಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಲೆಕ್ಕ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಾಗದ ಮಾರುಕಟ್ಟೆ ಬೆಲೆಯನ್ನು ಹಳ್ಳಿಯಾದರೆ 1ರಿಂದ 2ರ ನಡುವಿನ ಒಂದು ಅಂಕಿಯಿಂದ ಗುಣಿಸಬೇಕು. ಅದಕ್ಕೆ ಕಟ್ಟಡದ ಬೆಲೆ ಸೇರಿಸಬೇಕು. ಬಂದ ಮೊತ್ತದಷ್ಟೇ ಮತ್ತೆ ಸೊಲೇಷಿಯಂ, ಅಂದರೆ ಸಾಂತ್ವನದ ಹಣ, ಅಂತ ಕೊಡಬೇಕು. ಒಂದು 30x40 ಸೈಟು, ಚದರ ಅಡಿಗೆ 200 ರೂಪಾಯಿ ಅಂದುಕೊಳ್ಳಿ, 2.4 ಲಕ್ಷ. 1.5ರಿಂದ ಗುಣಿಸಿದರೆ 3.6 ಲಕ್ಷ. ಮನೆಗೆ 3 ಲಕ್ಷ ಕಟ್ಟಿದರು ಅಂದುಕೊಂಡರೆ 6.6 ಆಯಿತು, ಸೊಲೇಷಿಯಂ ಸೇರಿ 13.2 ಲಕ್ಷ. ಇದರ ಮೇಲೆ ಜಾಗದ ಬೆಲೆಗೆ ವರ್ಷಕ್ಕೆ 12% ಬೇರೆ. 1.2 ಲಕ್ಷಕ್ಕೂ 13 ಲಕ್ಷಕ್ಕೂ ಎಷ್ಟು ಅಂತರ, ಅಲ್ವಾ?

ಆ 200 ರೂಪಾಯಿ ಎಲ್ಲಿಂದ ಬಂತು ಅನ್ನುವುದೇ ಮುಂದಿನ ಜಗಳ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಒಂದು. ಅಕ್ಕಪಕ್ಕದಲ್ಲಿ ಹಿಂದಿನ ಮೂರು ವರ್ಷ ನಡೆದ ಖರೀದಿಗಳಲ್ಲಿ ಜಾಸ್ತಿ ಬೆಲೆಗೆ ಆದ ಅರ್ಧದಷ್ಟು ಖರೀದಿಗಳನ್ನು ತೆಗೆದುಕೊಂಡು ಅವುಗಳ ಬೆಲೆಯ ಸರಾಸರಿ ಇನ್ನೊಂದು. ಇದರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿಯಬೇಕು. ನಮ್ಮ ಕಡೆ ಸ್ಟ್ಯಾಂಪ್ ಡ್ಯೂಟಿ ಉಳಿಸಲು ಕಡಿಮೆ ಬೆಲೆ ಬರೆಸುವ ಚಾಳಿ ಇದೆ. ಅದರ ಏಟು ಬೀಳುವುದು ಈಗ.

ಇನ್ನು ಕಾಗದ. ಹಳೇ ಊರಿನ ಗ್ರಾಮಠಾಣಾದ ಮನೆ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ನಾಲ್ಕು ಜನ ಅಣ್ಣತಮ್ಮಂದಿರು ಒಳಗೆ ಗೋಡೆ ಎಬ್ಬಿಸಿಕೊಂಡು ಬೇರೆ ಬೇರೆ ಒಲೆ ಹಚ್ಚಿರುತ್ತಾರೆ. ಸರ್ವೆಗೆ ಬಂದವರು ಒಂದೇ ಮನೆ ಅಂತ ಬರೆದುಕೊಂಡು ಹೋಗುತ್ತಾರೆ. ಅದಕ್ಕೇ ಮಳೆಗಾಲಕ್ಕೆ ಮುಂಚೆಯೇ ವಂಶಾವಳಿ ಮಾಡಿಸಿ, ವಾರಸಾ ಹಾಕಿಸಿ, ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ತೆಗೆಸಿ. ರೇಷನ್ ಕಾರ್ಡು, ಕರೆಂಟ್ ಮೀಟರು ಬೇರೆ ಬೇರೆ ಇದ್ದರೆ ಬೇರೆ ಕುಟುಂಬ ಅಂತ ತೋರಿಸುವುದು ಸುಲಭ. ಬಾಡಿಗೆಗೆ ಇರುವವರನ್ನೂ ಕೈಬಿಡಬೇಡಿ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲೇ ಇದ್ದು, ಜೀವನಕ್ಕೆ ಪೆಟ್ಟು ಬಿದ್ದರೆ ಅವರಿಗೂ ಪುನರ್ವಸತಿ ಹಕ್ಕು ಇದೆ.

ಮನೆಯನ್ನು ನೀವೇ ಅಳೆಯಿರಿ. ನೀರು ಇಳಿದ ಮೇಲೆ ಗೋಡೆಯ ಮೇಲೆ ಕಂದು ಬಣ್ಣದ ಗೆರೆ ಉಳಿಯುತ್ತದಲ್ಲ, ಅದಕ್ಕೆ ಟೇಪ್ ಹಿಡಿದು, ಬಾಗಿಲ ಚೌಕಟ್ಟೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಸುಣ್ಣ ಬಳಿಯುವುದು ಆಮೇಲೆ. ಫರ್ಸಿ ಎಷ್ಟು, ತೊಲೆ ಎಷ್ಟು, ಕೊಟ್ಟಿಗೆ, ಬೋರು, ಬೇವಿನ ಮರ, ಎಲ್ಲಾ ಪಟ್ಟಿ ಮಾಡಿ. ಪಂಚನಾಮೆ ಬರೆಯುವವರು ಅವಸರದಲ್ಲಿರುತ್ತಾರೆ, ಪಟ್ಟಿಯಲ್ಲಿ ಇಲ್ಲದ ಕೊಟ್ಟಿಗೆಗೆ ಬೆಲೆ ಬರುವುದಿಲ್ಲ. ಓದಿಸಿಕೊಂಡು, ಪ್ರತಿ ಇಟ್ಟುಕೊಂಡೇ ಸಹಿ ಮಾಡಿ.

ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಐತೀರ್ಪು, ಅಂದರೆ ಬೆಲೆ ನಿಗದಿ ಮಾಡುವ ಆದೇಶ, ಆಗಿ ದುಡ್ಡು ಬಂದಾಗ ಬೆಲೆ ಕಡಿಮೆ ಅನ್ನಿಸಿದರೆ, ರಸೀದಿಯಲ್ಲಿ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ನಿಮ್ಮ ಕೈಯಾರೆ ಬರೆಯಿರಿ. ಇದನ್ನು ಬರೆಯದೆ ತೆಗೆದುಕೊಂಡರೆ ಹೆಚ್ಚಿನ ಬೆಲೆ ಕೇಳುವ ದಾರಿ ಮುಚ್ಚುತ್ತದೆ. ಐತೀರ್ಪಿನ ದಿನ ನೀವು ಅಲ್ಲಿದ್ದರೆ ಹೆಚ್ಚಿನ ಬೆಲೆ ಕೇಳುವ ಅರ್ಜಿಗೆ ಆರೇ ವಾರ ಸಮಯ. ಬೀದರ್‌ನ ಕಾರಂಜಾ ಜಲಾಶಯಕ್ಕೆ ಜಮೀನು ಕಳೆದುಕೊಂಡ ಸಂತ್ರಸ್ತರು ಹೆಚ್ಚಿನ ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದು ಗೊತ್ತೇ ಇದೆ.

ಸರ್ಕಾರ ತಾನಾಗಿ ಬರದಿದ್ದರೆ? ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ತಹಶೀಲ್ದಾರರ ಮೂಲಕ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಡಿ. ಡಿಸಿಯವರೇ ಅದರ ಅಧ್ಯಕ್ಷರು. "ಫಂಡ್ ಇಲ್ಲ" ಅಂದರೆ, 15ನೇ ಹಣಕಾಸು ಆಯೋಗ 2021-26ಕ್ಕೆ ವಿಪತ್ತಿನ ಹಣದಲ್ಲಿ 20% ಅಪಾಯ ತಗ್ಗಿಸುವುದಕ್ಕೇ ತೆಗೆದಿಟ್ಟಿತ್ತು ಅಂತ ನೆನಪಿಸಿ. ನಿಮ್ಮ ಊರಿಗೆ ಪ್ರತಿ ಪ್ರವಾಹದಲ್ಲಿ ಎಷ್ಟು ಪರಿಹಾರ ಹೋಯಿತು ಅಂತ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ತೆಗೆಸಿ, ಠರಾವಿನ ಜೊತೆ ಲಗತ್ತಿಸಿ. ಭಾಷಣಕ್ಕಿಂತ ಆ ಒಂದು ಹಾಳೆ ಜಾಸ್ತಿ ಕೆಲಸ ಮಾಡುತ್ತದೆ.

ಬಿಟ್ಟ ಜಾಗದ ಗತಿ ಏನು ಅಂತಲೂ ಠರಾವಿನಲ್ಲೇ ಬರೆಸಿ. ಅಮೆರಿಕದಲ್ಲಿ ವಿಪತ್ತು ನಿರ್ವಹಣೆಯ ಫೆಮಾ ಸಂಸ್ಥೆಯ ದುಡ್ಡಿನಿಂದ ಇಂಥ ಮನೆ ಕೊಂಡರೆ, ಮಾಲೀಕ ಒಪ್ಪಿದರೆ ಮಾತ್ರ ಕೊಳ್ಳುತ್ತಾರೆ, ಸಾಮಾನ್ಯವಾಗಿ ಖರ್ಚಿನ 75%ವರೆಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುತ್ತದೆ, ಕೆಡವಿದ ಮೇಲೆ ಆ ಜಾಗ ಕಾಯಂ ಆಗಿ ಬಯಲಾಗಿಯೇ ಉಳಿಯಬೇಕು. ಇಲ್ಲಿ ಹಾಗೆ ಬರೆಸದಿದ್ದರೆ ನಾಲ್ಕು ವರ್ಷದಲ್ಲಿ ಅಲ್ಲೇ ಇನ್ಯಾರೋ ಶೆಡ್ಡು ಹಾಕಿರುತ್ತಾರೆ. ಹೊಸ ಜಾಗವನ್ನು ಮಳೆಗಾಲದಲ್ಲೇ ಹೋಗಿ ನೋಡಿ, ಎರೆಮಣ್ಣಾದರೆ ಅಡಿಪಾಯ ಎಷ್ಟು ಆಳ ಅಂತ ಎಂಜಿನಿಯರ್‌ ಹತ್ತಿರ ಬರೆಸಿಕೊಳ್ಳಿ, ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೈಗೆ ಬರುವ ತನಕ ಹಳೇ ಮನೆಯ ಕೀಲಿ ಕೊಡಬೇಡಿ.